ಮಧ್ಯಾಹ್ನ ತೆರೆಯದ ಕಿಟಕಿಗಳು

ನಮ್ಮ ಬೀದಿಯ ತುದಿಯಲ್ಲಿ ಪ್ಲಾಸ್ಟಿಕ್ ಕಿಟಕಿಯ ಅಂಗಡಿ ಇಟ್ಟುಕೊಂಡಿರುವವರ ನಿಜವಾದ ಹೆಸರು ಕೇಳಿದರೆ ಅವರ ಹೆಂಡತಿಯೇ ಒಂದು ಗಳಿಗೆ ಯೋಚಿಸಬೇಕು. ಊರಿಗೆಲ್ಲ ಅವರು ‘ನೂರು ವರ್ಷ’. ಬಂದ ಗಿರಾಕಿಯ ಎದುರು ಕಿಟಕಿಯ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದು, “ಗೆದ್ದಲು ಮುಟ್ಟಲ್ಲ, ನೀರು ಕುಡಿಯಲ್ಲ, ಬಣ್ಣ ಬೇಡ. ನೂರು ವರ್ಷ ಏನೂ ಆಗಲ್ಲ ಸ್ವಾಮಿ” ಎಂದು ಹೇಳದೆ ಅವರು ಅಳತೆಯ ಟೇಪನ್ನು ಹೊರಗೆ ತೆಗೆಯುತ್ತಿರಲಿಲ್ಲ. ಹಾಲಿನವನು ಕೂಡ “ನೂರು ವರ್ಷ ಇದ್ದಾರಾ ಮನೇಲಿ?” ಎಂದೇ ಕೇಳುತ್ತಿದ್ದ. ಅದಕ್ಕೆ ಅವರ ಮುದಿ ತಾಯಿ ಒಳಗಿನಿಂದ, “ಇನ್ನೂ ಐವತ್ತೂ ಆಗಿಲ್ಲ ಕಣಪ್ಪ, ಆದ್ರೆ ಮಾತು ಮಾತ್ರ ನೂರಾಗಿದೆ” ಎಂದು ಉತ್ತರ ಕೊಡುತ್ತಿದ್ದರು.

ಅವರ ತಂದೆ ಬಡಗಿ. ಊರಿನ ಅರ್ಧ ಮನೆಗಳ ಮರದ ಬಾಗಿಲು ಕಿಟಕಿಗಳು ಆ ಮುದುಕರ ಕೈಯಲ್ಲೇ ಆದವು. ಮಳೆಗಾಲ ಬಂತೆಂದರೆ ಮರ ನೀರು ಕುಡಿದು ಉಬ್ಬುವುದು, ಕಿಟಕಿ ಸಿಕ್ಕಿಕೊಳ್ಳುವುದು, ರಂದ ಹಿಡಿದು ಹೆರೆಯಲು ಮಗ ಓಡುವುದು. ಬೇರೆ ಮಕ್ಕಳು ಕೆಸರಿನಲ್ಲಿ ಆಡುವಾಗ ಇವರು ಯಾರದೋ ಮನೆಯ ಕಿಟಕಿ ಕೆಳಗೆ ಮರದ ಹೊಟ್ಟಿನಲ್ಲಿ ಕೂತಿರುತ್ತಿದ್ದರಂತೆ. ಮರವೆಂದರೆ ಅವರಿಗೆ ಅಂದಿನಿಂದಲೇ ಆಗದು. ಆದರೆ ಅಪ್ಪನ ಒಂದು ಪಾಠ ಮಾತ್ರ ಮೈಗೆ ಇಳಿದುಬಿಟ್ಟಿತ್ತು. ಕೆಲಸ ಮುಗಿದ ಮೇಲೆ ಆ ಮುದುಕರು ಒಂದು ಕಾಗದದ ಚೂರನ್ನು ಚೌಕಟ್ಟಿನ ಅಂಚಿಗೆ ಹಿಡಿದು ನೂಕುತ್ತಿದ್ದರು. ಕಾಗದ ಒಳಗೆ ಹೋಯಿತೋ, ಮಗನ ತಲೆಗೆ ಒಂದು ಮೊಟಕು. ಹೀಗಾಗಿ ಸಂದಿ ಎಂಬ ಮಾತು ಕೇಳಿದರೂ ಅವರ ಕೈ ತಾನಾಗಿ ನೆತ್ತಿಗೆ ಹೋಗುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ, ಒಂದು ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ, ಅವರು ಮರಗೆಲಸದ ಕೊಟ್ಟಿಗೆಯನ್ನು ಗುಡಿಸಿ, ಸುಣ್ಣ ಬಳಿಸಿ, ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಕಿಟಕಿಯ ಅಂಗಡಿ ತೆರೆದರು. ತಯಾರು ಮಾಡುವ ಕಂಪನಿಯವರು ಹೊಸ ಅಂಗಡಿಯವರನ್ನೆಲ್ಲ ಒಂದು ತಣ್ಣನೆಯ ಹಾಲ್‌ನಲ್ಲಿ ಕೂರಿಸಿ ಕೆಲಸ ಹೇಳಿಕೊಟ್ಟರು. ಗೋಡೆಗೂ ಚೌಕಟ್ಟಿಗೂ ನಡುವೆ ಸುತ್ತ ಸ್ವಲ್ಪ ಜಾಗ ಬಿಡಬೇಕು, ಅದಕ್ಕೆ ಫೋಮ್ ಎಂಬ ಮೆತ್ತನೆಯ ನೊರೆ ತುಂಬಬೇಕು, ಈ ವಸ್ತು ಬಿಸಿಲಿಗೆ ಹಿಗ್ಗುತ್ತದೆ ಎಂದರು. ಇವರು ಮನೆಗೆ ಬಂದು ಹೆಂಡತಿಯ ಮುಂದೆ ನಕ್ಕರು.

“ಸಂದಿ ಬಿಡೋದನ್ನ ಹೇಳಿಕೊಡೋಕೆ ಕಂಪನಿಯವನು ಟೈ ಕಟ್ಕೊಂಡು ಅಷ್ಟು ದೂರದಿಂದ ಬಂದಿದ್ದಾನೆ ಕಣೆ! ಅದು ಸೋಮಾರಿಗಳಿಗೆ ಹುಟ್ಟುತ್ತಲೇ ಬರೋ ವಿದ್ಯೆ. ನಿನ್ನ ತಮ್ಮನ್ನ ಕೇಳು, ಅವನೇ ಕಂಪನಿಗೆ ಪಾಠ ಮಾಡ್ತಾನೆ.”

ಹೆಂಡತಿ ಅಡುಗೆಮನೆಗೆ ಎದ್ದು ಹೋದಳು. ತಮ್ಮ ಎಂದರೆ ಅವಳಿಗೆ ತಮ್ಮ ಮಾತ್ರ ಅಲ್ಲ. ತಾಯಿ ಬೇಗ ಹೋದ ಮನೆಯಲ್ಲಿ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಆ ಹುಡುಗ ಈಗ ಮದುವೆಯಾದ ಗಂಡಸು, ಭಾವನ ಅಂಗಡಿಯಲ್ಲೇ ಕಿಟಕಿ ಕೂರಿಸುವ ಕೆಲಸ. ಒಳ್ಳೆಯವನು, ನಗುವವನು, ಆದರೆ ಅಳತೆಯ ವಿಷಯದಲ್ಲಿ ಧಾರಾಳಿ. ಗೋಡೆಯಲ್ಲಿ ಒಡೆದ ಜಾಗ ದೊಡ್ಡದಾಯಿತೋ, “ನೊರೆ ಇದೆಯಲ್ಲ ಭಾವ” ಎಂದು ತುಂಬಿ, ಸಂದಿ ಕಾಣದಂತೆ ಮೇಲೆ ಪಟ್ಟಿ ಬಡಿದು, ಟೀ ಕುಡಿಯಲು ಹೋಗಿಬಿಡುತ್ತಿದ್ದ. ನೂರು ವರ್ಷ ಕೂರಿಸಿದ ಚೌಕಟ್ಟುಗಳಾದರೋ ಗೋಡೆಯ ಜೊತೆಗೇ ಹುಟ್ಟಿದಂತೆ ಇರುತ್ತಿದ್ದವು. ಮರದ ಸುತ್ತಿಗೆಯಿಂದ ಹದವಾಗಿ ಬಡಿದು ಬಡಿದು ಕೂರಿಸಿ, ಕೊನೆಗೆ ಜೇಬಿನಿಂದ ಒಂದು ಕಾಗದದ ಚೂರು ತೆಗೆದು ಗಿರಾಕಿಯ ಕೈಗೇ ಕೊಟ್ಟು, “ತೂರಿಸಿ ನೋಡೋಣ” ಎನ್ನುತ್ತಿದ್ದರು. ಗಿರಾಕಿ ತೂರಿಸಲಾರದೆ ಸಂತೋಷಪಡುತ್ತಿದ್ದ.

ಜಗಳ ಆದದ್ದು ಹಲ್ಲಿನ ಡಾಕ್ಟರ ದವಾಖಾನೆಯಲ್ಲಿ. ಬಾಮೈದ ಅಲ್ಲಿ ಕಿಟಕಿಗಳನ್ನು ಕೂರಿಸಿ ಪಟ್ಟಿ ಬಡಿಯುವ ಮುಂಚೆಯೇ ಇವರು ಹೋದರು. ಕಾಯುವ ಕೋಣೆಯ ತುಂಬ ಕೆನ್ನೆ ಹಿಡಿದುಕೊಂಡ ಜನ. ನೂರು ವರ್ಷ ಸಂದಿಯೊಳಗೆ ಕಿರುಬೆರಳು ಹಾಕಿ ಉದ್ದಕ್ಕೂ ಎಳೆದರು.

“ಏನಯ್ಯಾ ಇದು? ಕಿಟಕಿನೋ, ಹಲ್ಲು ಕಿತ್ತ ಬಾಯಿನೋ?”

ಹಲ್ಲುನೋವಿನವರು ಕೂಡ ನಕ್ಕುಬಿಟ್ಟರು. ಒಳಗಿನಿಂದ ಡಾಕ್ಟರೂ ನಕ್ಕರು. ಬಾಮೈದ ಮಾತ್ರ ನಗಲಿಲ್ಲ. ನೊರೆಯ ಡಬ್ಬ ಖಾಲಿ ಮಾಡಿ, ಪಟ್ಟಿ ಬಡಿದು, ಭಾವನ ಉಪಕರಣಗಳನ್ನೆಲ್ಲ ಒರೆಸಿ ಅವರ ಕಾಲ ಬಳಿ ಇಟ್ಟು, ಇಳಿದು ಹೋದ. ಮಾರನೆಯ ವಾರ ಊರಿನ ಆಚೆ ತುದಿಯ ಇನ್ನೊಂದು ಕಿಟಕಿ ಅಂಗಡಿಗೆ ಸೇರಿದ. ಅಕ್ಕ ಹೋಗಿ ಕರೆದಳು. ಅವನು ಹೇಳಿದ್ದು ಒಂದೇ ಮಾತು: “ಭಾವ ತಾವೇ ಬಂದು ಬಾಯಿಬಿಟ್ಟು ಕರೀಲಿ. ಅಲ್ಲೀವರೆಗೂ ಆ ಹೊಸ್ತಿಲು ತುಳಿಯಲ್ಲ ಅಕ್ಕ. ನೀನು ಬೇಜಾರು ಮಾಡ್ಕೋಬೇಡ.”

ಬೇಜಾರು ಮಾಡಿಕೊಳ್ಳಬೇಡ ಎಂದ ಮೇಲೆ ಅವಳು ಮಾಡಿಕೊಳ್ಳುವುದು ಅಡುಗೆಮನೆಯಲ್ಲಿ ಮಾತ್ರ ಎಂದಾಯಿತು. ಗಂಡನ ಜೊತೆ ಜಗಳವಾಡಲಿಲ್ಲ. ತಮ್ಮನ ಸುದ್ದಿಯನ್ನೂ ಎತ್ತಲಿಲ್ಲ. ಆ ಮನೆಯಲ್ಲಿ ಹೆಣ್ಣುಮಗು ಹುಟ್ಟಿದಾಗ ಒಬ್ಬಳೇ ಹೋಗಿ ನೋಡಿಕೊಂಡು ಬಂದಳು. “ಮೂಗು ನಮ್ಮಮ್ಮಂದೇ” ಎಂದು ಅತ್ತೆಗೆ ಹೇಳಿದ್ದು ಕೇಳಿಸಿಕೊಂಡು ನೂರು ವರ್ಷ ಪೇಪರು ಮಗುಚಿದರು.

ಆಮೇಲೆ ಅಂಗಡಿಯ ಮೊದಲ ಬೇಸಿಗೆ ಬಂತು.

ಆ ವರ್ಷ ಎಲ್ಲರಿಗೂ ಕಂದು ಬಣ್ಣದ ಕಿಟಕಿಯೇ ಬೇಕಾಗಿತ್ತು. ಮರ ಬೇಡ, ಆದರೆ ಮರದ ಹಾಗೆ ಕಾಣಬೇಕು. ಬಿಳಿಯದು ಆಸ್ಪತ್ರೆಯ ಹಾಗೆ ಎಂದು ಮೂಗು ಮುರಿಯುತ್ತಿದ್ದರು. ನೂರು ವರ್ಷ ತಮ್ಮ ಮನೆಗೂ ಗಾಢ ಕಂದು ಬಣ್ಣದ್ದನ್ನೇ, ಬಾಮೈದ ಹೋದ ಮೇಲೆ, ತಾವೇ ಕೂರಿಸಿದ್ದರು, ಅದೂ ಪಡುವಣ ಬಿಸಿಲು ನೇರ ಬೀಳುವ ಅಮ್ಮನ ಕೋಣೆಗೆ. ಗಿರಾಕಿಗಳನ್ನು ಕರೆದುಕೊಂಡು ಬಂದು ತೋರಿಸಲು ಅನುಕೂಲ ಎಂದು. ಕಡು ಬಣ್ಣ ಬಿಸಿಲನ್ನು ಹೀರಿತು, ಚೌಕಟ್ಟು ಹಿಗ್ಗಿತು, ಹಿಗ್ಗಲು ಜಾಗವಿಲ್ಲದೆ ಬಾಗಿತು. ಮಧ್ಯಾಹ್ನದ ಹೊತ್ತಿಗೆ ಅದು ಗರ್ಭಿಣಿಯ ಹಾಗೆ ಕೋಣೆಯೊಳಕ್ಕೆ ಹೊಟ್ಟೆ ಮುಂದೆ ಮಾಡಿ ನಿಲ್ಲುತ್ತಿತ್ತು. ತೆರೆದಿದ್ದರೆ ಮುಚ್ಚದು, ಮುಚ್ಚಿದ್ದರೆ ತೆರೆಯದು. ರಾತ್ರಿ ತಂಪಾದ ಮೇಲೆ ನೆಟ್ಟಗಾಗಿ, ಬೆಳಗ್ಗೆ ಏನೂ ಆಗಿಲ್ಲವೆಂಬಂತೆ ಸಲೀಸಾಗಿ ಆಡುತ್ತಿತ್ತು.

ಹೀಗಾಗಿ ಆ ಮನೆಯಲ್ಲಿ ಪ್ರತಿದಿನ ಬೆಳಗ್ಗೆ ಒಂದು ಸಭೆ. ಇವತ್ತು ಕಿಟಕಿ ತೆರೆದಿಡುವುದೋ ಮುಚ್ಚಿಡುವುದೋ? ಬಿಸಿಲು ಬೀಳುವ ಮುಂಚೆ ತೀರ್ಮಾನವಾಗಬೇಕು, ಆದ ಮೇಲೆ ಸಂಜೆಯವರೆಗೆ ಬದಲಿಲ್ಲ.

“ಧೂಳು ಏಳೋ ಹಾಗಿದೆ, ಮುಚ್ಚಿಬಿಡೋಣ” ಎಂದು ಸೊಸೆ.

“ನಿನ್ನೆ ಮುಚ್ಚಿ ನನ್ನನ್ನ ಬೇಯಿಸಿದ್ದಾಯ್ತು. ಇವತ್ತು ಧೂಳೇ ತಿಂತೀನಿ, ತೆಗೀರಿ” ಎಂದು ಅತ್ತೆ. ಆಮೇಲೆ ಮಗನ ಕಡೆ ತಿರುಗಿ: “ನಿಮ್ಮಪ್ಪನ ಕಿಟಕಿ ವರ್ಷಕ್ಕೊಂದು ಸಲ ಮುನಿಸ್ಕೊಳ್ತಿತ್ತು. ನಿಂದು ದಿನಾ ಮುನಿಸ್ಕೊಳ್ಳುತ್ತಲ್ಲೋ. ನೂರು ವರ್ಷ ಅಂದ್ಯಲ್ಲ, ಮಧ್ಯಾಹ್ನಗಳನ್ನ ಲೆಕ್ಕಕ್ಕೆ ಹಿಡಿದಿರಲಿಲ್ವಾ?”

“ಗೋಡೆ ಕೂತಿದೆ ಅಮ್ಮ, ಪಾಯ ಸ್ವಲ್ಪ ಇಳಿದಿದೆ. ಗೋಡೆ ಕೂತ್ರೆ ಕಿಟಕಿ ಏನು ಮಾಡುತ್ತೆ?”

“ಗೋಡೆ ನಾನು ಮದುವೆಯಾಗಿ ಬಂದಾಗಲೇ ಕೂತಿತ್ತು ಕಣಪ್ಪ. ಈಗ ಮಲಗಿದೆಯಾ ನೋಡು.”

ಗೋಡೆ ಕೂತಿದೆ ಎಂಬ ಮಾತನ್ನು ಅವರು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಊರಿಗೆಲ್ಲ ಹೇಳುತ್ತಿದ್ದರು. ಫೋನು ಬರುತ್ತಲೇ ಇತ್ತು. ಒಬ್ಬರಿಗೆ ಗೋಡೆ ಕೂತಿತ್ತು, ಇನ್ನೊಬ್ಬರ ಮನೆಯ ಹತ್ತಿರ ಲಾರಿ ಓಡಾಡುತ್ತಿತ್ತು, ಮತ್ತೊಬ್ಬರು ಹಿಡಿಯನ್ನು ಎಡಗೈಯಲ್ಲಿ ಎಳೆಯುತ್ತಿದ್ದರು. ಕಿಟಕಿ ನೋಡಲು ಬರುವ ಹೊಸ ಗಿರಾಕಿಗಳಿಗೆ, “ಬೆಳಗ್ಗೆ ಬೇಗ ಬನ್ನಿ, ಆಮೇಲೆ ನಾನು ಸಿಗಲ್ಲ” ಎನ್ನುತ್ತಿದ್ದರು. ಸಿಗದಿರುವುದು ಕಿಟಕಿ ಎಂದು ಹೇಳುತ್ತಿರಲಿಲ್ಲ.

ಅವರು ಹೊರಗೆ ಹಾಗೆ ಮಾತಾಡಿದರೂ ಒಳಗೊಳಗೇ ಹೆದರಿದ್ದರು. ತಾವು ಮುತ್ತು ಪೋಣಿಸಿದ ಹಾಗೆ ಮಾಡಿದ ಕೆಲಸವೇ ಹೀಗಾದರೆ, ಬಾಮೈದ ಬೇಕಾಬಿಟ್ಟಿ ಮಾಡಿದ ಮನೆಗಳ ಗತಿಯೇನು? ಅಲ್ಲಿ ಕಿಟಕಿಗಳು ಕಳಚಿಯೇ ಬಿದ್ದಿರಬೇಕು. ಆ ಮನೆಗಳಿಂದ ಒಂದು ಫೋನೂ ಬಂದಿರಲಿಲ್ಲ ಎಂಬುದು ಅವರಿಗೆ ಇನ್ನೂ ಭಯ ಹುಟ್ಟಿಸಿತು. ಬೈಯಲೂ ಆಗದಷ್ಟು ಬೇಸತ್ತಿದ್ದಾರೆ ಎಂದುಕೊಂಡರು. ಒಂದು ಮಧ್ಯಾಹ್ನ, ಉರಿಬಿಸಿಲಿನಲ್ಲಿ, ಕ್ಷಮೆಯ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋದರು.

“ನಮ್ಮ ಹುಡುಗನ ಕೆಲಸ ಸ್ವಲ್ಪ ಹೆಚ್ಚುಕಮ್ಮಿ ಆಗಿರಬೇಕು ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ, ನಾನು ನೋಡ್ತೀನಿ” ಎನ್ನುತ್ತ ಕಿಟಕಿಗೆ ಕೈ ಹಾಕಿ, ಇದ್ದ ಬಲವನ್ನೆಲ್ಲ ಹಾಕಿ ಎಳೆದರು. ಕಿಟಕಿ ಎಷ್ಟು ಸುಲಭವಾಗಿ ತೆರೆಯಿತೆಂದರೆ ನೂರು ವರ್ಷ ಹಿಂದಕ್ಕೆ ಜೋಲಿ ಹೊಡೆದು, ಕಾಯುತ್ತಿದ್ದ ಒಬ್ಬ ಹೆಂಗಸಿನ ಮಡಿಲಲ್ಲಿ ಕೂತೇಬಿಟ್ಟರು.

“ಹೆಚ್ಚುಕಮ್ಮಿ ಏನೂ ಇಲ್ವಲ್ಲ. ನರ್ಸಮ್ಮ ಒಂದೇ ಬೆರಳಲ್ಲಿ ತೆಗೀತಾರೆ” ಎಂದರು ಡಾಕ್ಟರು. “ಹಲ್ಲು ತೋರಿಸ್ತೀರಾ, ಬಂದಿದ್ದೀರಲ್ಲ?”

ಅವರಿಗೆ ಸಮಾಧಾನವಾಗಬೇಕಿತ್ತು. ಸಿಟ್ಟು ಬಂತು. ಅಲ್ಲಿಂದ ನಿವೃತ್ತ ಮೇಷ್ಟರ ಮನೆಗೆ ಹೋದರು, ಅದೂ ತೆರೆಯಿತು. ಅಂಚೆಯವರ ಮನೆಗೆ ಹೋದರು. ಒಂದಾದರೂ ಸಿಕ್ಕಿಕೊಂಡಿರಲಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಎಳೆದರು. ಬೆಣ್ಣೆಯ ಹಾಗೆ ಜಾರಿತು. ಅಂಚೆಯವರ ಹೆಂಡತಿ, “ನಿಮ್ಮ ಬಾಮೈದನ ಕೈಗುಣ ಬಹಳ ಒಳ್ಳೇದು” ಎಂದರು. ನೂರು ವರ್ಷ ಪಟ್ಟಿಯ ಒಂದು ತುದಿ ಎಬ್ಬಿಸಿ, ಕಾಗದದ ಚೂರನ್ನು ಅಂಚಿಗೆ ಹಿಡಿದರು. ಅದು ನೊರೆಯೊಳಕ್ಕೆ ಮುಲಾಜಿಲ್ಲದೆ ಇಳಿದು ಹೋಯಿತು. ಕೈ ತಾನಾಗಿ ನೆತ್ತಿಗೆ ಹೋಯಿತು. ಟೈ ಕಟ್ಟಿದವನು ತಣ್ಣನೆಯ ಹಾಲ್‌ನಲ್ಲಿ ಹೇಳಿದ್ದು ಒಂದೊಂದೇ ಮಾತಾಗಿ ಆ ಬಿಸಿಲಿನಲ್ಲಿ ನೆನಪಿಗೆ ಬಂತು.

ಮನೆಗೆ ಬಂದವರೇ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಎಲ್ಲವನ್ನೂ ಎಂದರೆ, ಕೊನೆಗೆ, “ನಿನ್ನ ತಮ್ಮನಿಗೆ ಕೆಲಸ ಇದೆ ಅಂತ ಹೇಳಿ ಕಳಿಸು” ಎಂಬಲ್ಲಿಗೆ ಮುಗಿಸಿದರು.

“ನಾನ್ಯಾಕೆ ಹೇಳಲಿ? ನೀವೇ ಹೋಗಿ.”

“ನೀನು ಅಕ್ಕ ಅಲ್ವಾ?”

“ಅಕ್ಕ ಆಗಿ ಒಂದು ಸಲ ಹೋಗಿ ಬಂದಿದ್ದೀನಿ. ಈಗ ಭಾವನ ಸರದಿ.” ಅವಳು ಪಾತ್ರೆ ಉಜ್ಜುತ್ತಲೇ ಇದ್ದಳು. “ನಂಗೆ ಕಿಟಕಿ ತೆರೆದ್ರೂ ಒಂದೇ, ತೆರೀದಿದ್ರೂ ಒಂದೇ ರೀ. ಮಗು ಮಗುಚಿಕೊಳ್ಳೋದು ಕಲ್ತಿದೆಯಂತೆ. ಅಂಬೆಗಾಲು ಇಡೋದಾದ್ರೂ ಈ ಮನೇಲಿ ನೋಡ್ತೀನೋ ಇಲ್ವೋ.”

ಅಷ್ಟು ದಿನ ನುಂಗಿಕೊಂಡ ಮಾತು ಹೊರಗೆ ಬಂದಿತ್ತು. ನೂರು ವರ್ಷಕ್ಕೆ ಗೋಡೆ ಕೂತಿದೆ ಎನ್ನಲು ಆಗಲಿಲ್ಲ.

ಮಾರನೆಯ ದಿನ ಬೆಳಗ್ಗೆ, ಊರಿನ ಆಚೆ ತುದಿಯಲ್ಲಿ ಇನ್ನೂ ಯಾರೂ ವಾಸಕ್ಕೆ ಬಾರದ ಹೊಸ ಮನೆಗಳ ಸಾಲಿನಲ್ಲಿ ಬಾಮೈದ ಸಿಕ್ಕಿದ. ಭಾವ ಬಂದದ್ದನ್ನು ಕಂಡ. ಕೈಯಲ್ಲಿದ್ದ ಚೌಕಟ್ಟನ್ನು ಗೋಡೆಗೆ ಹಿಡಿದು, ಮರದ ಸುತ್ತಿಗೆಯಿಂದ ಹದವಾಗಿ ಬಡಿಯತೊಡಗಿದ. ಬಡಿದು, ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಬಡಿದ. ಆಮೇಲೆ ಜೇಬಿನಿಂದ ಒಂದು ಕಾಗದದ ಚೂರು ತೆಗೆದು ಭಾವನ ಕೈಗೆ ಕೊಟ್ಟ.

“ತೂರಿಸಿ ನೋಡೋಣ ಭಾವ.”

ತೂರಲಿಲ್ಲ. ಮೇಲೆ, ಕೆಳಗೆ, ಮೂಲೆಯಲ್ಲಿ, ಎಲ್ಲೂ ತೂರಲಿಲ್ಲ. ನೂರು ವರ್ಷ ಪಕ್ಕದ ಮನೆಯ ಕಿಟಕಿಗಳನ್ನೂ ನೋಡಿದರು. ಆ ಸಾಲು ಪೂರ್ತಿ ಹಾಗೆಯೇ ಇತ್ತು. ದವಾಖಾನೆಯ ನಗುವನ್ನು ಹುಡುಗ ಹೊಟ್ಟೆಗೆ ಹಾಕಿಕೊಂಡಿರಲಿಲ್ಲ, ಕೈಗೆ ಹಾಕಿಕೊಂಡಿದ್ದ. ಊರಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ಒಬ್ಬನೇ ಒಬ್ಬನನ್ನು ತಾವೇ ಬೈದು ಬೈದು ತಮ್ಮ ಹಾಗೆ ಮಾಡಿಬಿಟ್ಟಿದ್ದರು.

ಬಾಮೈದ ಅವರ ಮುಖವನ್ನೇ ನೋಡುತ್ತ ನಿಂತಿದ್ದ. ಪರೀಕ್ಷೆ ಬರೆದು ಮೇಷ್ಟರ ಮೇಜಿನ ಹತ್ತಿರ ನಿಂತ ಮಗುವಿನ ಹಾಗೆ. ನಿಜ ಹೇಳಿದರೆ ಇನ್ನೊಂದು ಸಲ ಅಣಕಿಸಿದಂತಾಗುತ್ತಿತ್ತು. ನೂರು ವರ್ಷಕ್ಕೆ ಬಾಯಿಗೆ ಬಂದದ್ದು ಎಂದಿನ ವ್ಯಾಪಾರದ ಮಾತೇ.

“ಭೇಷ್ ಕಣಯ್ಯ. ನಮ್ಮಪ್ಪ ಇದ್ದಿದ್ರೆ ಬೆನ್ನು ತಟ್ಟೋರು. ಭಾನುವಾರ ಮಗೂನ ಕರ್ಕೊಂಡು ಮನೆಗೆ ಬಾ. ನಾನೇ ಬಾಯಿಬಿಟ್ಟು ಕರೀತಿದ್ದೀನಿ.”

ಹುಡುಗ ಸುತ್ತಿಗೆ ಕೆಳಗಿಟ್ಟು, ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. ಬೆವರು ಎಂದುಕೊಳ್ಳೋಣ.

ಭಾನುವಾರ ಅವನು ಬಂದ, ಹೆಂಡತಿ ಬಂದಳು, ಮಗು ಬಂತು. ಅಕ್ಕ ಮಗುವನ್ನು ಎತ್ತಿಕೊಂಡವಳು ಕೆಳಗಿಳಿಸಲೇ ಇಲ್ಲ; ಅಡುಗೆಯನ್ನು ತಮ್ಮನ ಹೆಂಡತಿಯೇ ಮಾಡಬೇಕಾಯಿತು. ಊಟವಾಯಿತು. ಮಗುವಿಗೆ ನಿದ್ದೆ ಬಂತು. ಮುದುಕಿಯ ಕೋಣೆಯಲ್ಲಿ ಮಲಗಿಸಿದರು. ಅಂದು ಬೆಳಗಿನ ಸಭೆಯಲ್ಲಿ, ಧೂಳು ಮಗುವಿಗೆ ಆಗದು ಎಂದು ಮುಚ್ಚಿಡುವ ತೀರ್ಮಾನವಾಗಿತ್ತು. ಮಗು ಸೆಕೆಗೆ ಚೀರತೊಡಗಿತು.

“ಕಿಟಕಿ ತೆಗೀತೀನಿ ಇರು” ಎಂದು ಬಾಮೈದ ಎದ್ದ.

“ಬೇಡ, ಬೇಡ, ಫ್ಯಾನು ಜೋರು ಮಾಡು” ಎಂದರು ನೂರು ವರ್ಷ.

ಅಷ್ಟರಲ್ಲಿ ಅವನು ಎಳೆದಿದ್ದ. ಇನ್ನೊಮ್ಮೆ ಎಳೆದ. ಗೋಡೆಗೆ ಒಂದು ಕಾಲು ಕೊಟ್ಟು ಎಳೆದ. ಹಿಡಿ ಕಿತ್ತುಕೊಂಡು ಕೈಗೆ ಬಂತು. ಅವನು ಹಿಂದೆ ಸರಿದು ಕಿಟಕಿಯನ್ನು ಪಕ್ಕದಿಂದ ನೋಡಿದ. ಅದರ ಹೊಟ್ಟೆ ಕಂಡಿತು.

“ಯಾವ ಪುಣ್ಯಾತ್ಮ ಕೂರಿಸಿದ್ದು ಇದನ್ನ?”

ಮುದುಕಿ ಮಂಚದ ಮೇಲಿಂದ, “ಹೇಳಪ್ಪಾ ಪುಣ್ಯಾತ್ಮ” ಎಂದರು ಮಗನಿಗೆ.

“ನಾನೇ” ಎಂದರು ನೂರು ವರ್ಷ. “ಕಾಗದ ತೂರೋದಿಲ್ಲ ನೋಡು, ಅದಕ್ಕೇ ಹೀಗಾಗಿದೆ. ಹಿಗ್ಗೋಕೆ ಜಾಗ ಇಲ್ಲ. ಊರಲ್ಲಿ ನಾನು ಹಾಕಿದ್ದೆಲ್ಲ ಹೀಗೇ. ನೀನು ಹಾಕಿದ್ದೆಲ್ಲ ಚೆನ್ನಾಗಿದೆ. ಡಾಕ್ಟ್ರ ಕಿಟಕಿ ಒಂದೇ ಬೆರಳಲ್ಲಿ ತೆರೆಯುತ್ತೆ.”

ಬಾಮೈದನ ಮುಖ ಮೊದಲು ಅರಳಿತು. ಆಮೇಲೆ ಲೆಕ್ಕ ಕೂಡಿಸಿಕೊಂಡ ಹಾಗೆ ಕಪ್ಪಿಟ್ಟಿತು.

“ಹಾಗಾದ್ರೆ ಮೊನ್ನೆ ಭೇಷ್ ಅಂದ್ರಲ್ಲ?”

“ಅಂದೆ.”

“ತಪ್ಪು ಅಂತ ಗೊತ್ತಿದ್ದೂ?”

“ಗೊತ್ತಿದ್ದೂ.”

“ಸರಿ ಮಾಡಿದಾಗ ಊರ ಮುಂದೆ ನಗೆಪಾಟಲು ಮಾಡಿದ್ರಿ. ತಪ್ಪು ಮಾಡಿದಾಗ ಬೆನ್ನು ತಟ್ಟಿದ್ರಿ. ನಿಮ್ಮ ಬಾಯಲ್ಲಿ ಯಾವುದನ್ನ ನಂಬಬೇಕು ಭಾವ?” ಅವನು ಹಿಡಿಯನ್ನು ಮಂಚದ ಮೇಲೆ ಇಟ್ಟು ಹೆಂಡತಿಯ ಕಡೆ ತಿರುಗಿದ. “ಏಳೇ, ಮಗೂನ ತಗೋ. ಹೊರಡೋಣ.”

ಚೀರುತ್ತಿದ್ದ ಮಗುವನ್ನು ಅಕ್ಕ ಆಗಲೇ ಹೆಗಲಿಗೆ ಹಾಕಿಕೊಂಡಿದ್ದಳು. ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು. ತಮ್ಮನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು. “ನಾನು ಏನೂ ಹೇಳಲ್ಲ ರೀ” ಎಂದಳು. “ನಂದು ಮುಗೀತು. ಏನಿದ್ರೂ ನೀವೇ ಹೇಳಬೇಕು.”

ನೂರು ವರ್ಷ ಬಗ್ಗಿ ಮಂಚದ ಕೆಳಗೆ ತಡಕಿದರು. ಅಪ್ಪನ ಮರದ ಸುತ್ತಿಗೆ ಸಿಕ್ಕಿತು. ಎತ್ತಿಕೊಂಡು ಚೌಕಟ್ಟಿನ ಪಟ್ಟಿಗೆ ಒಂದು ಏಟು ಹಾಕಿದರು. ಇನ್ನೊಂದು ಹಾಕಿದರು. ಗಾರೆ ಉದುರಿತು. ಚೌಕಟ್ಟು ಬಿಗಿದುಕೊಂಡೇ ಇತ್ತು. ಅವರ ಕೆಲಸ ಅಷ್ಟು ಗಟ್ಟಿ.

“ಒಬ್ಬನ ಕೈಲಿ ಆಗೋದಲ್ಲ” ಎಂದರು ತಿರುಗದೆ. “ನಿನ್ನನ್ನ ನಗೆಪಾಟಲು ಮಾಡಿದ್ದು ತಪ್ಪು. ಹೊಗಳಿದ್ದೂ ತಪ್ಪು, ನೀನು ಬರಲಿ ಅಂತ ಹೊಗಳಿದೆ. ಈಗ ಬಂದು ಈ ಕಡೆ ಹಿಡ್ಕೊಂಡ್ರೆ ಹಿಡ್ಕೋ. ಇಲ್ಲ ಅಂದ್ರೆ ಇದು ಅಮ್ಮನ ಮೇಲೇ ಬೀಳುತ್ತೆ.”

“ಬೀಳಲಿ ಬಿಡು, ಗಾಳಿಯಾದ್ರೂ ಬರುತ್ತೆ” ಎಂದರು ಮುದುಕಿ.

ಬಾಮೈದ ನಗು ತಡೆಯಲು ಹೋದರೆ ಅದು ಮೂಗಿನಿಂದ ಬಂತು. ಅಂಗಿಯ ತೋಳು ಮಡಚಿ ಬಂದು ಚೌಕಟ್ಟಿನ ಇನ್ನೊಂದು ಅಂಚನ್ನು ಹಿಡಿದ. ಇಬ್ಬರೂ ಸೇರಿ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ, ಗೋಡೆಯ ಜೊತೆಗೇ ಹುಟ್ಟಿದಂತಿದ್ದ ಆ ಕಿಟಕಿಯನ್ನು ಅರ್ಧ ಗೋಡೆಯ ಸಮೇತ ಕಿತ್ತು ಹೊರಗಿಟ್ಟರು. ಗೋಡೆಯಲ್ಲಿ ದೊಡ್ಡ ಕಿಂಡಿ ಉಳಿಯಿತು. ಅದರಿಂದ ಒಳ್ಳೆಯ ಗಾಳಿ ಬಂತು. ಮಗು ಮಲಗಿತು. ಮಗ ಇದುವರೆಗೆ ಹಾಕಿದ ಕಿಟಕಿಗಳಲ್ಲೆಲ್ಲ ಇದೇ ಚೆನ್ನಾಗಿದೆ ಎಂದು ಮುದುಕಿ ಮೆಚ್ಚಿಕೊಂಡರು.

ಕಿಂಡಿ ಬಿಟ್ಟು ರಾತ್ರಿ ಹೋಗುವಂತಿರಲಿಲ್ಲ. ಚೌಕಟ್ಟು ತಣ್ಣಗಾಗಿ ನೆಟ್ಟಗಾಗುವವರೆಗೆ ಮತ್ತೆ ಕೂರಿಸುವಂತೆಯೂ ಇರಲಿಲ್ಲ. ತಮ್ಮನ ಸಂಸಾರ ಉಳಿಯಲೇಬೇಕಾಯಿತು. ಅಕ್ಕ ಹಾಸಿಗೆಗಳನ್ನು ತೆಗೆಯುವಾಗ ಹಾಡು ಗುನುಗುತ್ತಿದ್ದಳು.

ಬೆಳಗ್ಗೆ ಬಾಮೈದ ಕಿಟಕಿ ಕೂರಿಸಲು ನಿಂತ. ಆದರೆ ಕೈ ಕೇಳಲಿಲ್ಲ. ಕಲಿತದ್ದು ಕಲಿತದ್ದೇ, ಎಷ್ಟು ಪ್ರಯತ್ನಪಟ್ಟರೂ ಚೌಕಟ್ಟನ್ನು ಗೋಡೆಗೆ ಒತ್ತಿಯೇ ಹಿಡಿಯುತ್ತಿದ್ದ. ಹಿಂದೆ ನಿಂತ ಭಾವ ಒಂದೇ ಸಮನೆ ಹೇಳುತ್ತಿದ್ದರು:

“ಬಿಡಪ್ಪ, ಇನ್ನೂ ಸ್ವಲ್ಪ ಬಿಡು... ನೀನು ಮೊದಲು ಮಾಡ್ತಿದ್ದ ಹಾಗೆ ಮಾಡು. ಟೀ ಕುಡಿಯೋಕೆ ಹೊತ್ತಾಯ್ತು ಅಂದ್ಕೊಂಡು ಮಾಡು.”

ಅಷ್ಟರಲ್ಲಿ ಬೆಳಗ್ಗೆ ಬೇಗ ಬರಲು ಹೇಳಿದ್ದ ಗಿರಾಕಿಯೊಬ್ಬರು ಬಂದು, ಒಡೆದ ಗೋಡೆಯನ್ನೂ ಕೆಳಗೆ ಬಿದ್ದ ಗಾರೆಯನ್ನೂ ನೋಡಿ ಬಾಗಿಲಲ್ಲೇ ನಿಂತರು. ನೂರು ವರ್ಷ ಅವರ ಕಡೆ ತಿರುಗಿ, ಎಂದಿನ ಹಾಗೆ ಚೌಕಟ್ಟನ್ನು ಟಕಟಕ ಬಡಿಯಲು ಕೈ ಎತ್ತಿದರು. ಎತ್ತಿದ ಕೈಯನ್ನು ಬಾಮೈದನ ಹೆಗಲ ಮೇಲೆ ಇಟ್ಟರು.

“ಸುತ್ತ ಸಂದಿ ಬಿಡ್ತಿದ್ದೀವಿ ಸ್ವಾಮಿ. ಬಹಳ ನಾಜೂಕಿನ ಕೆಲಸ, ನನ್ನ ಕೈಲಿ ಆಗಲ್ಲ. ಊರಲ್ಲಿ ಇದು ಬರೋದು ಇವನೊಬ್ಬನಿಗೇ.”

“ಎಷ್ಟು ವರ್ಷ ಬರುತ್ತೆ?” ಎಂದರು ಗಿರಾಕಿ.

ನೂರು ವರ್ಷ ಬಾಯಿ ತೆರೆದರು. ಒಳಗಿನಿಂದ ಹೆಂಡತಿ, ಮಗುವನ್ನು ಎತ್ತಿಕೊಂಡೇ, ಬಾಗಿಲ ಹತ್ತಿರ ಬಂದು ನಿಂತಳು.

“ಬೇಸಿಗೆ ಕಳೀಲಿ, ಆಮೇಲೆ ಹೇಳ್ತೀನಿ” ಎಂದರು.